ಓದಿಲೋನನ ಮೂರು ಹೂಜಿ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಅಂಚೆಯವ ಗೊಮ್ಮಾರನ ಮೂಗಿನ ಎರಡು ಹೊಳ್ಳೆಗಳೂ ಕಟ್ಟಿಹೋಗಿದ್ದವು. ಅಂಚೆಚೀಲ ಹೆಗಲಿಗೇರಿಸುವಷ್ಟರಲ್ಲಿ ಓದಿಲೋನ್ ಮುದುಕ ಹೇಳಿ ಕಳಿಸಿದ: ಹನ್ನೆರಡಕ್ಕೆ ಅಟ್ಟಕ್ಕೆ ಬಾ, ರುಚಿ ನೋಡುವುದಿದೆ.

ಝೆನ್ನೆ ಕಣಿವೆಯ ಆ ಊರಿನಲ್ಲಿ ಈ ಮಾತಿಗೆ ಅರ್ಥ ಒಂದೇ. ಓದಿಲೋನ್ ಲಾಂಬಿಕ್ ಬೆರೆಸುವವನು. ಭಟ್ಟಿಯಿಂದ ಆ ಹೆಸರಿನ ಹುಳಿ ಬಿಯರು ತರಿಸಿ, ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿಸಿ, ಹಳೆಯದಕ್ಕೆ ಎಳೆಯದನ್ನು ಹದವರಿತು ಬೆರೆಸಿ ಬಾಟಲಿಗೆ ತುಂಬುವುದು ಆ ಮನೆತನದ ಕಸುಬು. ಆ ಮನೆಯ ಹೆಣ್ಣು ಕೇಳಿದವನ ಮುಂದೆ ಮೂರು ಹೂಜಿ ಇಡುತ್ತಾರೆ. ಒಂದರಲ್ಲಿ ಕೆಟ್ಟದ್ದು, ಒಂದರಲ್ಲಿ ಎಳೆಯದು, ಒಂದರಲ್ಲಿ ಹದವಾಗಿ ಮಾಗಿದ್ದು. ಸರಿಯಾಗಿ ಹೇಳಿದರೆ ಹೆಣ್ಣು, ತಪ್ಪಿದರೆ ಬಂದ ದಾರಿ.

ಗೊಮ್ಮಾರ್ ಮುದುಕನ ಮಗಳು ಲಿಯೊಂಟಿನ್‌ಳನ್ನು ಕೇಳಿ ಮೂರು ವರ್ಷವಾಗಿತ್ತು. ಮೂರು ವರ್ಷವೂ ಮುದುಕ "ನೋಡೋಣ" ಎಂದು ತಳ್ಳುತ್ತ ಬಂದಿದ್ದ. ಇವತ್ತೇ ಯಾಕೆ ಕರೆದ ಎಂಬುದು ಗೊಮ್ಮಾರನಿಗೆ ಅರ್ಥವಾಗಲಿಲ್ಲ.

ಮೊದಲ ಕಾಗದ ಝುಲ್ಮಾಳ ಹೋಟೆಲಿನದು. ಝುಲ್ಮಾ ಊರಿಗೆಲ್ಲ ಚಿಕ್ಕಮ್ಮ. ಮುದುಕನ ಕರೆಯ ಸುದ್ದಿ ಆಗಲೇ ಮುಟ್ಟಿತ್ತು; ಅವಳು ಕಾಗದದ ಕಡೆ ನೋಡಲೇ ಇಲ್ಲ.

"ಏನೋ ಇದು, ಮೂಗು ಮೂಲಂಗಿ ಆಗಿದೆಯಲ್ಲೋ!"

"ಶೀತ ಚಿಕ್ಕಮ್ಮ. ಏನೂ ವಾಸನೆ ಹತ್ತಲ್ಲ. ಹುಳಿ ಮಾತ್ರ ನಾಲಗೆಗೆ ತಿಳಿಯುತ್ತೆ."

"ಹುಳಿ ಮೂರು ಹೂಜಿಯಲ್ಲೂ ಇರುತ್ತೆ ಕಣೋ ಪೆದ್ದ. ಉಳಿದದ್ದೆಲ್ಲ ಮೂಗಿನ ಕೆಲಸ."

"ನಾಳೆ ಬರ್ತೀನಿ ಅಂತ ಹೇಳಿಬಿಡ್ಲಾ?"

"ಹೇಳು. ಇನ್ನು ಮೂರು ವರ್ಷ 'ನೋಡೋಣ' ಅಂತಾನೆ. ಬಾಯಿ ತೆಗಿ."

ಅವಳು ಒಂದು ಚಮಚ ಸಾಸಿವೆ ಗೊಜ್ಜು ಬಾಯಿಗೆ ತುರುಕಿದಳು. ಕಿವಿಯಲ್ಲಿ ಹೊಗೆ ಬಂದಂತಾಯಿತು. ಮೂಗು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ.

ಎರಡು ಮನೆ ದಾಟಿದರೆ ಪಾರಿವಾಳ ಸಾಕುವ ಅಶೀಲ್. ಪಂದ್ಯಕ್ಕೆ ಬಿಡುವ ಹಕ್ಕಿಗಳ ಹೊರತು ಬೇರೆ ಯಾರ ಆರೋಗ್ಯವೂ ಅವನ ತಲೆಗೆ ಹತ್ತಿದ್ದಿಲ್ಲ.

"ಸಾಸಿವೆ ಕೊಟ್ಲಾ? ಕೆಡ್ತು! ಅದು ಉಷ್ಣ, ಶೀತಾನ ಒಳಗೇ ಕೂಡಿಹಾಕುತ್ತೆ. ನನ್ನ ಗಂಡು ಪಾರಿವಾಳಕ್ಕೆ ಹಿಂಗೇ ಆಗಿತ್ತು. ಈ ಘಾಟು ಬೇರು ತುರಿದು ಕಟ್ಟಿದೆ ನೋಡು, ಎರಡೇ ದಿನದಲ್ಲಿ ಹಾರ್ತು."

"ನನಗೆ ಹಾರೋದು ಬೇಡ ಅಶೀಲಣ್ಣ, ಮೂಸಿದರೆ ಸಾಕು."

"ಮೂಸು ಮತ್ತೆ!" ಎಂದು ಅಶೀಲ್ ತುರಿದ ಬೇರಿನ ಗಂಟನ್ನು ಮೂಗಿಗೆ ಹಿಡಿದ. ಗೊಮ್ಮಾರನಿಗೆ ಬೀದಿಯೆಲ್ಲ ಮಂಜಾಗಿ ಕಂಡಿತು. ಎದುರು ಮನೆಯ ಕಾಗದವನ್ನು ಅಶೀಲನ ಪೆಟ್ಟಿಗೆಗೇ ಹಾಕಿ ಮುಂದೆ ಹೋದ.

ಚರ್ಚಿನ ಉಸ್ತುವಾರಿ ನೋಡುವ ತೆಯೋಫಿಲ್ ಇಬ್ಬರನ್ನೂ ಬೈದು ತನ್ನ ನಸ್ಯದ ಡಬ್ಬಿ ತೆಗೆದ. "ಅವರದ್ದೆಲ್ಲ ಅಡುಗೆಮನೆ ವೈದ್ಯ. ಇದು ಸರಿಯಾದ ಔಷಧಿ. ಎಳಿ. ಜೋರಾಗಿ ಎಳಿ! ಏನಾಯ್ತು?"

"ಒಳಕ್ಕೇ ಹೋಗ್ತಿಲ್ಲ."

"ಹೋಗದೆ ಎಲ್ಲಿಗೆ ಹೋಗುತ್ತೆ? ಸ್ವಲ್ಪ ಹೊತ್ತು ತಗೊಳ್ಳುತ್ತೆ ಅಷ್ಟೆ. ಅಟ್ಟದಲ್ಲಿ ಏನು ಹೇಳ್ಬೇಕು ಗೊತ್ತು ತಾನೆ? ಮಾಗಿದ್ದಕ್ಕೆ 'ಬೆವೆತ ಕುದುರೆ ಮೇಲಿನ ಕಂಬಳಿ ವಾಸನೆ' ಅನ್ನು. ಮುದುಕ ಕರಗಿಹೋಗ್ತಾನೆ. 'ಸಿಹಿ' ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನಬೇಡ. ಅವರಪ್ಪನ ಕಾಲದಲ್ಲಿ ಒಬ್ಬ ಹಾಗಂದು ಏಣಿಯಿಂದ ಇಳಿಯದೆ ನೇರ ಕೆಳಗೆ ಬಂದಿದ್ದ."

"ಮಾಗಿದ್ದು ಯಾವುದು ಅಂತ ಹೇಗೆ ತಿಳೀಬೇಕು?"

"ಅದು ನಿನ್ನ ಮೂಗಿಗೆ ಬಿಟ್ಟದ್ದು" ಎಂದ ತೆಯೋಫಿಲ್.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಗೊಮ್ಮಾರ್ ಓದಿಲೋನನ ಮೆಟ್ಟಿಲ ಬಳಿ ಬಂದರೆ ಮೂವರೂ ಅಲ್ಲಿ ಹಾಜರಿದ್ದರು. ಪ್ರತಿಯೊಬ್ಬರಿಗೂ ಒಂದು ನೆಪವಿತ್ತು. ತಮ್ಮ ತಮ್ಮ ಮದ್ದು ಹಿಡಿಯಲಿಲ್ಲವೆಂದು ತಿಳಿದು ಮೂವರೂ ಅವನ ಮೇಲೆ ಒಟ್ಟಿಗೆ ಬಿದ್ದರು. ತೆಯೋಫಿಲ್ ಎರಡು ಹೊಳ್ಳೆಗೂ ಹೆಬ್ಬೆರಳಿನಿಂದ ನಸ್ಯ ತುಂಬಿದ. ಅಶೀಲ್ ಬೇರಿನ ಗಂಟನ್ನು ಅಂಗಿಯ ಕಾಲರಿನೊಳಗೆ ಕಟ್ಟಿದ. ಝುಲ್ಮಾ ಹಸಿ ಚೀಸು ಹಚ್ಚಿದ ಬ್ರೆಡ್ಡು ಕೊಟ್ಟು, "ಬರೀ ಹೊಟ್ಟೇಲಿ ಹೋಗಬೇಡ ಕಂದ" ಎಂದಳು. ಚೀಸಿನ ಕೆಳಗೆ ಅರ್ಧ ಡಬ್ಬಿ ಸಾಸಿವೆ ಇದ್ದದ್ದು ಅವನಿಗೆ ಎರಡನೆಯ ತುತ್ತು ಇಳಿದ ಮೇಲೆ ಗೊತ್ತಾಯಿತು.

ಮೂವರೂ ಅವನ ಹಿಂದೆಯೇ ಏಣಿ ಹತ್ತಿದರು. ಅಟ್ಟದಲ್ಲಿ ಪೀಪಾಯಿಗಳ ಸಾಲುಗಳ ನಡುವೆ ಒಂದು ಮೇಜು, ಮೇಜಿನ ಮೇಲೆ ಮೂರು ಮಣ್ಣಿನ ಹೂಜಿ. ಮೇಲೆಲ್ಲ ಜೇಡರ ಬಲೆ. ಹಣ್ಣುನೊಣ ಹಿಡಿಯುವ ಜೇಡಗಳನ್ನು ಆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಓದಿಲೋನ್ ಕೈಕಟ್ಟಿ ಶವಪೆಟ್ಟಿಗೆ ಕಾಯುವವನಂತೆ ನಿಂತಿದ್ದ. ಹಿಂದೆ ಲಿಯೊಂಟಿನ್, ಮುಖದ ಮೇಲೆ ಕರವಸ್ತ್ರ.

ಅಳುತ್ತಿದ್ದಾಳೆ ಎಂದುಕೊಂಡ ಗೊಮ್ಮಾರ್. ಅವನು ಮೊದಲ ಹೂಜಿಗೆ ಕೈ ಚಾಚಿದಾಗ ಅವಳು ತಲೆ ಅಲ್ಲಾಡಿಸಿದಳು. ಇದು ಬೇಡವೇನೋ ಎಂದು ಎರಡನೆಯದಕ್ಕೆ ಕೈ ಚಾಚಿದ. ಮತ್ತೆ ತಲೆ ಅಲ್ಲಾಡಿತು. ಮೂರನೆಯದಕ್ಕೂ ಅಲ್ಲಾಡಿತು, ಇನ್ನೂ ಜೋರಾಗಿ. ಮೂರೂ ಕೆಟ್ಟಿವೆಯೇ? ಅಥವಾ ತಾನೇ ಕೆಟ್ಟನೇ?

"ಏನಯ್ಯಾ, ಹೂಜಿ ಎಣಿಸ್ತಿದೀಯಾ?" ಎಂದ ಓದಿಲೋನ್. "ಮೂರೇ ಇರೋದು. ಶುರು ಮಾಡು."

ಗೊಮ್ಮಾರ್ ಮೊದಲ ಹೂಜಿಯನ್ನು ಮೂಗಿನ ಹತ್ತಿರ ತಂದ. ಆ ಕ್ಷಣಕ್ಕೆ ತೆಯೋಫಿಲನ ನಸ್ಯಕ್ಕೆ ದಾರಿ ಸಿಕ್ಕಿತು. ಅವನು ಸೀನಿದ ರಭಸಕ್ಕೆ ತೊಲೆಯ ಮೇಲಿನ ಧೂಳು ಉದುರಿತು, ಹೂಜಿಯ ಅರ್ಧ ಬಿಯರು ಅವನ ಎದೆಯ ಮೇಲಿತ್ತು.

ಓದಿಲೋನ್ ಹೂಜಿಯನ್ನು ಕಸಿದು ಎತ್ತಿ, ತಳದಲ್ಲಿ ಸೀಮೆಸುಣ್ಣದಲ್ಲಿ ಬರೆದದ್ದನ್ನು ನೋಡಿದ. ಅವನ ಹುಬ್ಬು ಮೇಲೇರಿತು.

"ತುಟಿಗೆ ಮುಟ್ಟಿಸಲೇ ಇಲ್ಲ! ಗಾಳಿಯಲ್ಲೇ ಹಿಡಿದುಬಿಟ್ಟ. ಇದು ಕೆಟ್ಟು ವಿನಿಗರ್ ಆದ ಪೀಪಾಯಿ. ಮುಂದೆ ಹೋಗು."

ಗೊಮ್ಮಾರನಿಗೆ ಏನಾಯಿತೆಂದು ತಿಳಿಯಲಿಲ್ಲ. ಎರಡನೆಯ ಹೂಜಿಯ ಮೇಲೆ ಬಗ್ಗಿದ. ಬಗ್ಗಿದಾಗ ಕಾಲರಿನೊಳಗಿನ ಗಂಟು ಗಲ್ಲಕ್ಕೆ ಬಂತು. ಕಣ್ಣಿನಿಂದ ನೀರು ಸೋರುವ ಮಾಡಿನಂತೆ ಇಳಿಯತೊಡಗಿತು. ಒಂದು ಗುಟುಕು ಕುಡಿದ. ಹುಳಿ ಎಂಬುದಷ್ಟೇ ಗೊತ್ತಾಯಿತು. ಕೈಯಿಂದ ಒರೆಸಿದಷ್ಟೂ ಕಣ್ಣೀರು ಹೆಚ್ಚಿತು.

ಓದಿಲೋನ್ ಹೂಜಿಯ ತಳ ನೋಡಿದ. ಈ ಸಲ ಅವನ ದನಿಯೇ ಇಳಿದಿತ್ತು. "ಹೋದ ಚಳಿಗಾಲದ್ದು. ಇನ್ನೂ ಹಸುಗೂಸು. ಇದನ್ನ ಈಗಲೇ ತೆಗೆದರಲ್ಲಾ ಅಂತ ಅಳ್ತಿದಾನೆ. ನಮ್ಮಪ್ಪನೂ ಹಿಂಗೇ ಅಳ್ತಿದ್ದ."

"ನನ್ನ ಬೇರು" ಎಂದು ಅಶೀಲ್ ಝುಲ್ಮಾಳ ಕಿವಿಯಲ್ಲಿ ಉಸುರಿದ.

"ಬಾಯಿ ಮುಚ್ಚೋ, ನನ್ನ ಸರದಿ ಇನ್ನೂ ಇದೆ" ಎಂದಳು ಝುಲ್ಮಾ.

ಅವಳ ಸರದಿ ಬಂದೇ ಬಂತು. ಬ್ರೆಡ್ಡಿನ ಸಾಸಿವೆ ಹೊಟ್ಟೆಯಿಂದ ಗಂಟಲಿಗೆ ತಿರುಗಿ ಏರಿತು. ಬಾಯಿಗೆ ಬೆಂಕಿ ಬಿದ್ದವನು ಶಾಸ್ತ್ರ ನೋಡುತ್ತಾನೆಯೇ? ಗೊಮ್ಮಾರ್ ಮೂರನೆಯ ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ ಗಟಗಟನೆ ಕುಡಿದ. ತಳ ಕಂಡ ಮೇಲೆಯೂ ಕೊನೆಯ ಹನಿಗೆ ತಟ್ಟಿದ. ಆಗ ತೆಯೋಫಿಲನ ಪಾಠ ನೆನಪಾಯಿತು.

"ಕುದುರೆ" ಎಂದ. ಗಂಟಲಿನಿಂದ ಮುಂದಿನ ಮಾತು ಹೊರಡಲಿಲ್ಲ.

ಓದಿಲೋನ್ ಹೂಜಿಯ ತಳ ನೋಡುವ ಗೋಜಿಗೂ ಹೋಗಲಿಲ್ಲ. ಅವನನ್ನು ತಬ್ಬಿಕೊಂಡ. "ಮೂರು ವರ್ಷ ಮಾಗಿದ್ದು! ಒಂದು ಹನಿ ಬಿಡಲಿಲ್ಲ! ಒಂದೇ ಮಾತು, ಅದೂ ಸರಿಯಾದ ಮಾತು!"

ಮೂವರು ನೆರೆಯವರೂ ಚಪ್ಪಾಳೆ ತಟ್ಟಿದರು, ಒಬ್ಬೊಬ್ಬರೂ ತಮಗೆ ತಾವೇ. ಲಿಯೊಂಟಿನ್ ಮಾತ್ರ ಪೀಪಾಯಿಗೆ ಹಣೆ ಒರಗಿಸಿ ನಿಂತಳು. ಗೆದ್ದ ಮೇಲೂ ಇವಳು ಯಾಕೆ ಹೀಗೆ ಎಂದು ಗೊಮ್ಮಾರ್ ಮತ್ತೆ ಗಲಿಬಿಲಿಗೊಂಡ.

ಓದಿಲೋನ್ ನೆರೆಯವರನ್ನು ಕೆಳಗಟ್ಟಿ ಬಾಗಿಲಿಗೆ ಅಗುಳಿ ಹಾಕಿದ.

"ಈಗ ನೀನು ಮನೆಯವನು. ಒಂದು ಮಾತು ಹೇಳ್ತೀನಿ, ಊರಿಗೆ ತಿಳೀಬಾರದು" ಎಂದ ಮುದುಕ. "ಮೂರು ವರ್ಷದ ಹಿಂದೆ ನನಗೆ ಜ್ವರ ಬಂತಲ್ಲ, ಆಗ ನನ್ನ ಮೂಗು ಸತ್ತುಹೋಯ್ತು. ಸಗಣಿಗೂ ಸಾಂಬ್ರಾಣಿಗೂ ನನಗೆ ವ್ಯತ್ಯಾಸ ಇಲ್ಲ. ಇಷ್ಟು ದಿನ ಪೀಪಾಯಿ ಆರಿಸಿ ಬೆರೆಸಿದ್ದೆಲ್ಲ ಇವಳೇ. ಇವಳನ್ನ ನಿನಗೆ ಕೊಟ್ಟುಬಿಟ್ಟರೆ ನನ್ನ ಗತಿ ಏನು ಹೇಳು? ಅದಕ್ಕೇ ಮುಂದೂಡಿದ್ದು."

"ಮತ್ತೆ ಇವತ್ತು?"

"ಇವತ್ತು ಬೆಳಿಗ್ಗೆ ಎದ್ದರೆ ಇವಳಿಗೆ ಶೀತ! ಎರಡು ಗಂಟೆಗೆ ಬಾಟಲಿ ತುಂಬೋರು ಬರ್ತಾರೆ. ಈ ವರ್ಷದ ಬೆರಕೆ ಇವತ್ತೇ ಆಗಬೇಕು. ಮನೇಲಿ ಒಂದೂ ಮೂಗಿಲ್ಲ. ನಿನ್ನದಾದರೂ ಇದೆಯಾ ಅಂತ ನೋಡಿದೆ. ಇದೆ. ಅಬ್ಬಾ, ಎಂಥ ಮೂಗು! ಹಿಡಿ ಲೋಟ. ನಲವತ್ತು ಪೀಪಾಯಿ ಇದೆ, ಐದು ಆರಿಸು. ನಾನು ತೊಟ್ಟಿ ತೊಳೆದು ಬರ್ತೀನಿ."

ಮುದುಕ ಅತ್ತ ಹೋದದ್ದೇ ಲಿಯೊಂಟಿನ್ ಕರವಸ್ತ್ರ ತೆಗೆದಳು. ಅವಳ ಮೂಗು ಗೊಮ್ಮಾರನ ಮೂಗಿನ ಅವಳಿಯಂತಿತ್ತು.

"ಅಷ್ಟು ತಲೆ ಅಲ್ಲಾಡಿಸಿದೆ, ಸೋತು ಹೋಗೋ ಅಂತ!" ಎಂದಳು. "ಗೆದ್ದೆಯಲ್ಲೋ ಮಹಾರಾಯ! ಈಗ ಈ ಮೂಗಲ್ಲಿ ನಲವತ್ತು ಪೀಪಾಯಿ ಹೇಗೆ ಆರಿಸ್ತೀಯಾ?"

"ನನಗೂ ಶೀತ ಅಂತ ನಿಮ್ಮಪ್ಪಂಗೆ ಹೇಳಿಬಿಡ್ತೀನಿ."

"ಹೇಳು. ನಿನಗೂ ಶೀತ, ನನಗೂ ಶೀತ. ಯಾರಿಂದ ಯಾರಿಗೆ ಬಂತು, ಹೇಗೆ ಬಂತು ಅಂತ ಅಪ್ಪ ಕೇಳಲ್ವಾ? ಗುರುವಾರ ಸೇತುವೆ ಹತ್ರ ಏನಾಯ್ತು ಅಂತಾನೂ ಹೇಳು. ಮದುವೆ ಹಾಳಾಗ್ಲಿ, ಈ ಏಣಿಯಿಂದ ಸುಮ್ಮನೆ ಇಳೀತೀಯಾ ನೀನು?"

ಗೊಮ್ಮಾರ್ ಏಣಿ ನೋಡಿದ. ಲೋಟ ತೆಗೆದುಕೊಂಡ.

ನಲವತ್ತು ಪೀಪಾಯಿಗಳ ನಲ್ಲಿ ತಿರುಗಿಸಿ ನಲವತ್ತು ಗುಟುಕು ಕುಡಿದ. ನಲವತ್ತೂ ಹುಳಿ. ಕೊನೆಗೆ ದಪ್ಪ ಜೇಡಗಳಿದ್ದ ಐದು ಪೀಪಾಯಿಗಳನ್ನು ತೋರಿಸಿದ. ಒಳ್ಳೆಯ ಬಿಯರಿಗೆ ನೊಣ ಹೆಚ್ಚು, ನೊಣ ಹೆಚ್ಚಿದ್ದಲ್ಲಿ ಜೇಡ ದಪ್ಪ ಎಂಬುದು ಅವನ ತರ್ಕ. ಕೆಟ್ಟ ಬಿಯರಿಗೂ ನೊಣ ಬರುತ್ತದೆ ಎಂದು ಲಿಯೊಂಟಿನ್ ಹೇಳುವಷ್ಟರಲ್ಲಿ ಓದಿಲೋನ್ ಐದಕ್ಕೂ ಸೀಮೆಸುಣ್ಣದ ಗುರುತು ಹಾಕಿ ಆಗಿತ್ತು.

"ಮದುವೆ ಯಾವಾಗ ಯಜಮಾನ್ರೇ?" ಎಂದ ಗೊಮ್ಮಾರ್, ಮೆಲ್ಲಗೆ.

"ಈ ಬೆರಕೆಯ ಮೊದಲ ಬಾಟಲಿ ತೆಗೆಯೋ ದಿನ. ಊರಿನವರೆಲ್ಲ ಬಂದು ಕುಡೀಲಿ. ಚೆನ್ನಾಗಿದ್ದರೆ ಅವತ್ತೇ ಚರ್ಚಿಗೆ. ಚೆನ್ನಾಗಿಲ್ಲದಿದ್ದರೆ..." ಮುದುಕ ಬಿದ್ದು ಬಿದ್ದು ನಕ್ಕ. "ಹೇಗೆ ಚೆನ್ನಾಗಿರಲ್ಲ? ಆರಿಸಿದ್ದು ನೀನಲ್ವಾ!"

ಸಂಜೆಯೊಳಗೆ ಬಾಟಲಿಗಳಿಗೆಲ್ಲ ಬಿರಡೆ ಬಿತ್ತು. ಅವು ನೆಲಮಾಳಿಗೆಯಲ್ಲಿ ಒಂದು ವರ್ಷ ಮಲಗಬೇಕು; ಅಲ್ಲಿಯವರೆಗೆ ಒಳಗಿರುವುದು ಏನೆಂದು ಯಾರೂ ಹೇಳಲಾರರು. ಮರುದಿನ ಭಾನುವಾರ, ಚರ್ಚಿನಲ್ಲಿ ಬಲಿಪೂಜೆಯ ಹೊತ್ತಿಗೆ, ಗೊಮ್ಮಾರನ ಕಟ್ಟಿದ ಮೂಗು ಬಿಟ್ಟಿತು.