ಕ್ಯಾಪ್ಟನ್ ಕಿಟ್ಟುವಿನ ಪ್ರೆಷರ್

ಕರಿಬೇವು ಕೇಳಲೆಂದು ಅಂಬುಜಮ್ಮ ಪಕ್ಕದ ಮನೆಯ ಗೋಡೆಯ ಮೇಲೆ ಕತ್ತು ಚಾಚದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಕರಿಬೇವು ಕೈಗೆ ಬರುವಷ್ಟರಲ್ಲಿ ಗುಟ್ಟು ಬಾಯಿಂದ ಹೋಗಿತ್ತು.

"ನಮ್ಮೋರು ಮತ್ತೆ ಪೈಲಟ್ ಆಗ್ತಿದಾರೆ ಕಣ್ರೀ. ಇವತ್ತು ಸಂಜೆ ಮೆಡಿಕಲ್ಲು. ಬಿ.ಪಿ. ಒಂದು ಏರದಿದ್ರೆ ಸಾಕು. ಯಾರಿಗೂ ಹೇಳ್ಬೇಡಿ ಮತ್ತೆ."

ಪಕ್ಕದ ಮನೆಯ ಸುಭದ್ರಮ್ಮನ ಕಿವಿಗೆ ಬಿದ್ದ ಮಾತೆಂದರೆ ಗಣೇಶನ ಪೆಂಡಾಲಿನ ಮೈಕಿಗೆ ಬಿದ್ದ ಹಾಗೆ. ಇಡ್ಲಿ ಬೇಯುವ ಮುಂಚೆ ಕಗ್ಗದಾಸಪುರದ ಆ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು.

ಅಂಬುಜಮ್ಮನ ಗಂಡ ಕಿಟ್ಟು ಸರ್ಕಾರಿ ಕಂಪನಿಯೊಂದರಲ್ಲಿ ಮೂವತ್ತು ವರ್ಷ ವಿಮಾನ ಹಾರಿಸಿ, ಐವತ್ತೆಂಟಕ್ಕೆ ಸರಿಯಾಗಿ ಒಂದು ಶಾಲು, ಒಂದು ಗಂಧದ ಹಾರ, ಮೇಜಿನ ಮೇಲಿಡುವ ಹಿತ್ತಾಳೆಯ ವಿಮಾನ ಹಿಡಿದು ಮನೆಗೆ ಬಂದವರು. ಪಿ.ಎಫ್., ಗ್ರ್ಯಾಚುಟಿ ಎರಡೂ ಈ ಮನೆಯ ಗೋಡೆಗಳೊಳಗೆ ಸೇರಿಹೋದವು. ಉಳಿದ ಪೆನ್ಷನ್ನು ಇಂಧನ ತೀರಿದ ವಿಮಾನದಂತೆ ತಿಂಗಳ ನಡುವೆಯೇ ನೆಲಕ್ಕಿಳಿಯುತ್ತಿತ್ತು. ಅದನ್ನು ಹೇಗೋ ಸಹಿಸಿಕೊಂಡಿದ್ದರು. ಸಹಿಸಲಾಗದೇ ಹೋದದ್ದು ಮಹಡಿಗೆ ಬಾಡಿಗೆಗೆ ಬಂದ ಭಾರ್ಗವನನ್ನು. ಮೀಸೆ ನೆಟ್ಟಗೆ ಬಾರದ ಕೋ-ಪೈಲಟ್ಟು. ಖಾಸಗಿ ಕಂಪನಿ. ಇವರು ಹಿಂದೆ ವರ್ಷವಿಡೀ ದುಡಿದು ತಂದದ್ದನ್ನು ಅವನು ಈಗ ಒಂದು ತಿಂಗಳಿಗೆ ತರುತ್ತಿದ್ದ.

"ಸಂಬಳ ಜಾಸ್ತಿ ಸರ್, ಆದ್ರೆ ನಿಮ್ ಥರ ಪೆನ್ಷನ್ ಇಲ್ವಲ್ಲ ನಮಗೆ" ಎಂದು ಅವನೇ ಒಮ್ಮೆ ಸಮಾಧಾನ ಹೇಳಿದ್ದ.

"ನನ್ ಪೆನ್ಷನ್ನು ನಿನ್ ಶೂ ಪಾಲಿಶ್‌ಗೆ ಸಾಲಲ್ಲ ಕಣಯ್ಯಾ."

"ಹಾಗಾದ್ರೆ ಬನ್ನಿ ಸರ್! ಈಗ ಅರವತ್ತೈದರ ತನಕ ಹಾರಿಸ್ಬಹುದು. ಕ್ಯಾಪ್ಟನ್‌ಗಳು ಸಿಕ್ತಿಲ್ಲ ಅಂತ ನಮ್ಮೋರು ಬಾಯ್ ಬಾಯ್ ಬಡ್ಕೋತಿದಾರೆ."

ಕಿಟ್ಟುಗೆ ಈಗ ಅರವತ್ಮೂರು. ಇನ್ನೆರಡು ವರ್ಷ ಹಾರಿಸಿದರೆ ಹಿಂದಿನ ಮೂವತ್ತು ವರ್ಷದ ಕೊರತೆ ತೀರುತ್ತಿತ್ತು. ಅಡ್ಡ ನಿಂತದ್ದು ಒಂದೇ. ಬಿಳಿ ಕೋಟು ಕಂಡ ಕೂಡಲೇ ಅವರ ರಕ್ತದೊತ್ತಡ ಟೇಕಾಫ್ ಆಗುತ್ತಿತ್ತು.

ಅಂಬುಜಮ್ಮ ಪೇಪರ್ ಬಚ್ಚಿಟ್ಟರು, ಟಿ.ವಿ. ಆರಿಸಿದರು, ಉಪ್ಪಿಲ್ಲದ ಗಂಜಿ ತಂದಿಟ್ಟರು. "ಮಾತಾಡ್ದೆ ಕುಡೀರಿ."

ಗಂಜಿ ಇಳಿಯುವಷ್ಟರಲ್ಲಿ ಸುಭದ್ರಮ್ಮ ಮಜ್ಜಿಗೆ ಚೆಂಬಿನೊಂದಿಗೆ ಬಂದರು. "ನಮ್ಮೋರು ಫ್ಯಾಕ್ಟರೀಲಿ ಜೀವಮಾನವೆಲ್ಲಾ ವಿಮಾನದ ಬೋಲ್ಟು ತಿರುಗಿಸಿದ್ರು, ಒಂದಿನ ನನ್ನ ಹತ್ತಿಸ್ಲಿಲ್ಲ. ನೀವು ಕಾಶಿಗೆ ಕರ್ಕೊಂಡ್ಹೋಗ್ಬೇಕು. ಕಿಟಕಿ ಪಕ್ಕ ಸೀಟು. ಕುಡೀರಿ, ತಂಪು."

ಕಿಟ್ಟು ಕಾಶಿಗೆ ಒಪ್ಪಿ ಮಜ್ಜಿಗೆ ಕುಡಿದರು. ವಾದಕ್ಕಿಳಿದರೆ ಬಿ.ಪಿ. ಏರುತ್ತದಲ್ಲ!

ಮಧ್ಯಾಹ್ನ ಮೂಲೆಮನೆಯ ಟೈಲರ್ ಉಮ್ಮೆ ಕುಲ್ಸುಂ ಹಳೇ ಯೂನಿಫಾರಂ ಹಿಡಿದು ಬಂದಳು. "ಕ್ಯಾಪ್ಟನ್ ಸಾಬ್, ಸೊಂಟ ಎರಡು ಇಂಚು ಬಿಟ್ಟಿದೀನಿ. ಇನ್ನು ಬಿಡಕ್ಕೆ ಬಟ್ಟೆನೇ ಇಲ್ಲ. ಅದಕ್ಕೇ ಉಸಿರು ಸ್ವಲ್ಪ ಕಮ್ಮಿ ತಗೊಳ್ಳಿ. ಕೆಲಸ ಆದ್ಮೇಲೆ ಪೈಲಟ್ ಜನದ ಹೊಲಿಗೆ ಎಲ್ಲಾ ನನಗೇ ಕೊಡಿಸ್ಬೇಕು, ಹಾಂ? ಶರಬತ್ ಕುಡೀರಿ."

ಯೂನಿಫಾರಂ ತೊಟ್ಟು, ಉಸಿರು ಕಮ್ಮಿ ಮಾಡಿಕೊಂಡು ಕಿಟ್ಟು ಶರಬತ್ತನ್ನೂ ಮುಗಿಸಿದರು.

ದೊಮ್ಮಲೂರಿನ ಕ್ಲಿನಿಕ್ಕಿಗೆ ಆಟೊ ಹುಡುಕುತ್ತಿದ್ದಾಗ ಸೈಟ್ ಬ್ರೋಕರ್ ಮುನಿರಾಜಪ್ಪ ಅಡ್ಡಲಾಗಿ ಓಮ್ನಿ ವ್ಯಾನು ನಿಲ್ಲಿಸಿದ. "ಅತ್ತಿ ಸಾ! ಪೈಲಟ್ನ ಆಟೋದಾಗೆ ಕಳ್ಸಿದ್ರೆ ಊರಿನ್ ಮರ್ವಾದೆ ಏನಾಗ್ಬೇಕು?"

ರೈಲ್ವೆ ಗೇಟು ಹಾಕಿತ್ತು. ತಲೆಯ ಮೇಲೆ ವಿಮಾನವೊಂದು ಗುಡುಗುತ್ತ ಇಳಿಯಿತು. ಕಿಟ್ಟು ಗಡಿಯಾರ ನೋಡಿದರು, ಗೇಟು ನೋಡಿದರು, ಮತ್ತೆ ಗಡಿಯಾರ ನೋಡಿದರು.

"ಟೆನ್ಸನ್ ಬ್ಯಾಡ ಸಾ. ಎಳನೀರು ತಂದಿವ್ನಿ, ಕುಡೀರಿ. ದೊಡ್ಡನೆಕ್ಕುಂದೀಲಿ ಒಂದು ಕಾರ್ನರ್ ಸೈಟ್ ಐತೆ, ನಿಮ್ಗೇ ಅಂತ ಮಡಗಿವ್ನಿ."

ಎಳನೀರು ಕುಡಿದ ಮೇಲೆ ಕಿಟ್ಟುಗೆ ವಿಚಿತ್ರವಾದ ನೆಮ್ಮದಿ ಆವರಿಸಿತು. ಗೇಟು ತೆರೆದರೆಷ್ಟು, ಬಿಟ್ಟರೆಷ್ಟು ಅನ್ನಿಸಿತು. ಎಂಥ ಬಿರುಗಾಳಿಯಲ್ಲೂ ವಿಮಾನ ಇಳಿಸಿದವನಲ್ಲವೇ ನಾನು ಎಂದು ತಮ್ಮ ಬಗ್ಗೆ ತಾವೇ ಹೆಮ್ಮೆಪಟ್ಟು ಆಕಳಿಸಿದರು.

ಡಾಕ್ಟರ್ ರಾಜೇಶ್ವರಿ ತೋಳಿಗೆ ಪಟ್ಟಿ ಕಟ್ಟಿ ಒತ್ತಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಒತ್ತಿದರು. ಬೇರೆ ಮಷಿನ್ ತರಿಸಿದರು.

"ಜಾಸ್ತಿ ಇದೆಯಾ ಡಾಕ್ಟ್ರೇ?" ಕಿಟ್ಟು ಕಣ್ಣು ಮುಚ್ಚಿಯೇ ಕೇಳಿದರು.

"ಇದ್ದರಲ್ವಾ ಜಾಸ್ತಿ ಆಗೋದು! ಇಷ್ಟು ಕಮ್ಮಿ ಬಿ.ಪಿ.ಯಲ್ಲಿ ನೀವು ಕೂತಿರೋದೇ ಆಶ್ಚರ್ಯ. ಎದ್ದು ನಿಲ್ಲಿ, ನೋಡೋಣ."

ಕಿಟ್ಟು ಎದ್ದು ನಿಂತರು. ಮರುಕ್ಷಣ ಚಕ್ರ ಬಿಚ್ಚದೆ ಇಳಿದ ವಿಮಾನದಂತೆ ನೆಲದ ಮೇಲಿದ್ದರು.

ಕಾರಣ ಗೊತ್ತಾಗುವ ತನಕ ಅನ್‌ಫಿಟ್, ಆರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು. ಅಷ್ಟರಲ್ಲಿ ವಿದೇಶಿ ಕ್ಯಾಪ್ಟನ್‌ಗಳು ಬಂದು ಜಾಗ ತುಂಬಿರುತ್ತಾರೆಂದು ಅಲ್ಲಿದ್ದ ಭಾರ್ಗವನ ಕಂಪನಿಯವನು ಮೆಲ್ಲಗೆ ಸೇರಿಸಿದ.

ಮುನಿರಾಜಪ್ಪ ಕಿಟ್ಟುವನ್ನು ತೋಳು ಹಿಡಿದು ಓಮ್ನಿಗೆ ಹತ್ತಿಸಿದ. ಕಿಟ್ಟು ಸೀಟಿಗೊರಗಿ ಕಣ್ಣು ಮುಚ್ಚಿದರು. ಪಾಸಾದ ನೆಮ್ಮದಿಯೆಂದೇ ತಿಳಿದು ಅವನು ಕಿವಿಯ ಹತ್ತಿರ ಬಾಗಿದ. "ಪಾಸ್ ಆಗ್ದೆ ಏನ್ ಸಾ? ಎಳನೀರ್ಗೆ ಕೆ.ಆರ್. ಪುರದ ನಾಟಿ ವೈದ್ಯನ ಪ್ರೆಸರ್ ಇಳ್ಸೋ ಸರ್ಪಗಂಧಿ ಬೇರು ತೇಯ್ದು ಆಕಿದ್ದೆ. ಯಾರ್ಗೂ ಯೋಳ್ಬ್ಯಾಡಿ."

ಮನೆಯ ಗೇಟಿನಲ್ಲಿ ಸುಭದ್ರಮ್ಮ ಆರತಿ ತಟ್ಟೆ ಹಿಡಿದು ಪಿಸುಗುಟ್ಟಿದರು. "ಮಜ್ಜಿಗೆಗೆ ನನ್ ಬಿ.ಪಿ. ಮಾತ್ರೆ ಪುಡಿ ಮಾಡಿ ಹಾಕಿದ್ದೆ. ಕಿಟಕಿ ಪಕ್ಕದ ಸೀಟು ಮರೀಬೇಡಿ."

ಉಮ್ಮೆ ಕುಲ್ಸುಂ ಟೇಪು ಕೊರಳಿಗೆ ಹಾಕಿಕೊಂಡೇ ಹತ್ತಿರ ಬಂದಳು. "ಶರಬತ್‌ನಲ್ಲಿ ಶಿವಾಜಿನಗರದ ಹಕೀಮ್ ಸಾಬ್ ಪುಡಿ ಇತ್ತು. ಕೆಲಸ ಮಾಡ್ತು ನೋಡಿ!"

ಕಿಟ್ಟು ಹೆಂಡತಿಯ ಕಡೆ ತಿರುಗಿದರು. ಅಂಬುಜಮ್ಮ ಸೆರಗಿನ ತುದಿ ಸುತ್ತುತ್ತ ನಾಚಿಕೊಂಡರು. "ಗಂಜೀಲಿ ನಂದೂ ಒಂದು ಮಾತ್ರೆ ಇತ್ತು. ಹೇಳಿದ್ರೆ ಬೈತೀರಾ ಅಂತ…"

ಕಿಟ್ಟುವಿನ ಕಿವಿ ಕೆಂಪಾಯಿತು, ಕೊರಳ ನರ ಉಬ್ಬಿತು. ಉಸಿರು ಕಮ್ಮಿ ತೆಗೆದುಕೊಳ್ಳಬೇಕೆಂಬುದು ಮರೆತೇಹೋಗಿ, ಯೂನಿಫಾರಮ್ಮಿನ ಸೊಂಟದ ಗುಂಡಿ ಹಾರಿ ಆರತಿ ತಟ್ಟೆಗೆ ಟಣ್ಣನೆ ಬಡಿಯಿತು. ಕಂಪನಿಯಿಂದ ಫೋನಿನಲ್ಲಿ ವಿಷಯ ತಿಳಿದು ಮಹಡಿಯಿಂದ ಓಡಿ ಬಂದ ಭಾರ್ಗವ ಕಿಟ್ಟುವಿನ ಕೈ ಹಿಡಿದು ನಾಡಿ ನೋಡಿ ಕೂಗಿದ:

"ಸರ್, ಈಗ ಬಿ.ಪಿ. ಭರ್ಜರಿ ಇದೆ! ಬೇಗ ನಡೀರಿ, ಡಾಕ್ಟ್ರು ಇನ್ನೂ ಹೋಗಿರಲ್ಲ!"

ಅವನ ಕಾರು ಬೀದಿಯ ಮೂಲೆಗೆ ಬರುವಷ್ಟರಲ್ಲಿ ರೈಲ್ವೆ ಗೇಟು ಮತ್ತೆ ಬಿತ್ತು.