ಓಬವ್ವ ಬಿಟ್ಟುಹೋದ ಬೀಗದಕೈ

ಹೊಸದುರ್ಗದ ಹಿಟ್ಟಿನ ಗಿರಣಿ ಪರಮೇಶನಿಗೆ ಕನ್ನಡದ ಎಲ್ಲ ಮಾತೂ ಬರುತ್ತಿತ್ತು, ‘ಒಲ್ಲೆ’ ಅನ್ನುವ ಎರಡಕ್ಷರದ ಮಾತೊಂದನ್ನು ಬಿಟ್ಟು. ಹೊಟ್ಟೆ ಬಿರಿಯುವಾಗ ಮತ್ತೊಂದು ಹೋಳಿಗೆ ಬಡಿಸಲು ಬಂದರೂ ಬೇಡವೆನ್ನಲಾರ. ಯಾರು ಏನು ಕೆಲಸ ಹೇಳಿದರೂ ಅವನ ಬಾಯಿಂದ ಹೊರಡುತ್ತಿದ್ದುದು ಒಂದೇ ಮಾತು: “ಆತು, ನಾನೇ ನೋಡ್ಕಳ್ತೀನಿ.” ಇಷ್ಟಕ್ಕೂ ಅದು ಒಳ್ಳೆಯತನವೇನಲ್ಲ, ಶುದ್ಧ ಪುಕ್ಕಲುತನ. ಒಲ್ಲೆ ಅಂದರೆ ಎದುರಿನವರು ಎಲ್ಲಿ ಮುಖ ಗಂಟು ಹಾಕಿಕೊಳ್ಳುತ್ತಾರೋ ಎಂದು ಅವನ ಜೀವ ಹಾರುತ್ತಿತ್ತು.

ಈ ಗುಟ್ಟು ಬೀದಿಗೆಲ್ಲ ಗೊತ್ತಿದ್ದರೂ ಅದನ್ನು ಪೂರ್ತಿ ಬಳಸಿಕೊಂಡವಳು ಎದುರುಮನೆಯ ಓಬವ್ವ. ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ಒಂದು ಹೆಂಚಿನ ಮನೆಯನ್ನೂ ಬಾಗೂರು ರಸ್ತೆಯ ತೆಂಗಿನ ತೋಟವನ್ನೂ ಒಬ್ಬಳೇ ಕಾದುಕೊಂಡಿದ್ದ ಮುದುಕಿ. ದುರ್ಗದ ಓಬವ್ವನಿಗೆ ಒನಕೆ ಬೇಕಾಯಿತು, ಈ ಓಬವ್ವನಿಗೆ ನಾಲಿಗೆಯೇ ಸಾಕಿತ್ತು. ಮೂರು ಮನೆಯಾಚೆ ಅತ್ತೆ ಸೊಸೆ ಪಿಸುಗುಟ್ಟಿದರೂ ಅವಳ ಕಿವಿಗೆ ಬೀಳುತ್ತಿತ್ತು. ಪರಮೇಶ ಅವಳ ರಾಗಿಯನ್ನು ಸರದಿ ತಪ್ಪಿಸಿ ಬೀಸಿಕೊಡಬೇಕು, ಹೊಗೆಸೊಪ್ಪು ತರಬೇಕು, ಕರೆಂಟ್ ಬಿಲ್ಲು ಕಟ್ಟಬೇಕು. ಅವಳಿಗೆ ಮಂಡಿನೋವು ಬಂದ ಮೇಲೆ ದಿನಾ ಬೆಳಿಗ್ಗೆ ಜಗಲಿಯಲ್ಲಿ ನಿಂತು ಕಾಗೆಗೆ ಮುದ್ದೆ ಚೂರು ಹಾಕುವುದೂ ಇವನ ತಲೆಗೇ ಬಂತು. “ಪರಮೇಶಿ, ಕಾಗೆಗೆ ಹಾಕ್ದೇನೋ?” ಎಂದು ಅವಳು ಒಳಗಿನಿಂದ ಕೂಗುವಳು. ಇವನು ಉತ್ತರ ಕೊಟ್ಟರೆ, “ಕೇಳಲ್ಲ, ಗಟ್ಟಿಯಾಗಿ ಹೇಳು” ಅನ್ನುವಳು. ಆಗ ಇವನು ಬೀದಿಗೆಲ್ಲ ಕೇಳುವಂತೆ, “ಆತು ಓಬವ್ವ, ನಾನೇ ನೋಡ್ಕಳ್ತೀನಿ!” ಎಂದು ಅರಚಿ, ಮುದ್ದೆ ಎಸೆದು, ಗಿರಣಿಗೆ ಓಡುತ್ತಿದ್ದ.

ಹೀಗಿದ್ದ ಓಬವ್ವ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಪರಮೇಶ ಮನಸಾರೆ ಅತ್ತ. ಮಣ್ಣು ಮಾಡಿ ಬಂದ ಮೇಲೆ, ‘ಇನ್ನು ಕೆಲಸ ಹೇಳೋರಿಲ್ಲ’ ಎಂದು ಒಳಗೊಳಗೇ ಉಸಿರೂ ಬಿಟ್ಟ. ಆ ಉಸಿರು ಪೂರ್ತಿ ಹೊರಬರುವ ಮೊದಲೇ ವಕೀಲ ಶ್ರೀನಿವಾಸ್ ಬಂದು ಓಬವ್ವನ ವಿಲ್ಲು ಓದಿದರು. ತೋಟ ಅವಳ ಮೈದುನನ ಮಗ ದುರ್ಗೇಶನಿಗೆ, ಮನೆ ಅವಳ ಅಣ್ಣನ ಮಗಳು ಹಿರಿಯೂರಿನ ಉಷಾರಾಣಿಗೆ. ಕೋರ್ಟಿಗೆ ಹೋಗಿ, ವಿಲ್ಲಿಗೆ ಒಪ್ಪಿಗೆ ತಂದು, ಅಲ್ಲಿಯವರೆಗೆ ಆಸ್ತಿ ಕಾದು, ಅವರವರದನ್ನು ಅವರವರ ಕೈಗೆ ಒಪ್ಪಿಸಬೇಕಾದ ಎಕ್ಸಿಕ್ಯೂಟರ್, ಎದುರುಮನೆ ಪರಮೇಶ.

ದುರ್ಗೇಶನ ಮೀಸೆ, ಉಷಾರಾಣಿಯ ಗಂಟಲು ಎರಡೂ ತಾಲ್ಲೂಕಿಗೇ ಹೆಸರಾಗಿದ್ದವು. ಅವನಿಗೆ ಮನೆಯೂ ಬೇಕು, ಇವಳಿಗೆ ತೋಟವೂ ಬೇಕು.

ಪರಮೇಶ ವಕೀಲರ ಕಾಲು ಹಿಡಿಯುವುದೊಂದು ಬಾಕಿ. “ಹೆದರಬ್ಯಾಡ ಪರಮೇಶಪ್ಪ,” ಅಂದರು ಅವರು. “ಹೆಸರು ಬರೆದ ಮಾತ್ರಕ್ಕೆ ಮಾಡ್ಲೇಬೇಕು ಅಂತಿಲ್ಲ. ಒಲ್ಲೆ ಅಂತ ಸೈನ್ ಹಾಕಿಕೊಟ್ರೆ ಕೋರ್ಟಿಗೆ ಒಪ್ಪಿಸ್ತೀನಿ, ನೀನು ಪಾರು. ಆದ್ರೆ ಒಂದ್ಸಲ ಒಪ್ಕಂಡು ಆಸ್ತಿಗೆ ಕೈ ಹಾಕಿದ್ಯೋ, ಆಮೇಲೆ ಬಿಡಿಸ್ಕಳಾಕೆ ಆಗಲ್ಲ. ತಿಥಿ ದಿನ ಊಟಕ್ಕೆ ಬರ್ತೀನಲ್ಲ, ಕಾಗದ ತರ್ತೀನಿ.”

ತಿಥಿಯ ದಿನ ಬೆಳಿಗ್ಗೆ ಹೆಂಡತಿ ನೇತ್ರಾವತಿ ಅವನನ್ನು ಎದುರಿಗೆ ಕೂರಿಸಿಕೊಂಡಳು. “ಏನ್ರಿ, ಇವತ್ತೊಂದು ದಿನ ಬಾಯಿ ಬಿಡಬ್ಯಾಡ್ರಿ. ಬಿಟ್ರೆ ‘ಆತು’ ಅಂತೀರ. ಅಂದ್ರೋ, ಮುಗೀತು ನಮ್ಮ ಕತೆ. ತಗಳ್ರಿ, ಎಲೆ ಅಡಿಕೆ ಹಾಕ್ಕಳ್ರಿ. ಸೈನ್ ಹಾಕೋತನಕ ಉಗೀಬ್ಯಾಡ್ರಿ.”

ಉಪಾಯ ಚೆನ್ನಾಗಿಯೇ ಇತ್ತು. ದವಡೆ ತುಂಬ ಎಲೆ ಅಡಿಕೆ ಇಟ್ಟುಕೊಂಡು ಬಾಗಿಲು ದಾಟುತ್ತಿದ್ದಂತೆ ಬುಲೆಟ್ ಗಾಡಿ ಬಂದು ಅಡ್ಡ ನಿಂತಿತು. ದುರ್ಗೇಶ ಇಳಿಯಲೂ ಇಲ್ಲ.

“ನೋಡು ಪರಮೇಶಣ್ಣ, ತೋಟನೂ ನಂದೇ, ಮನೇನೂ ನಂದೇ. ಆ ವಿಲ್ಲು ಹಿಡ್ಕಂಡು ಕೋರ್ಟು ಮೆಟ್ಲು ಹತ್ತಿದ್ಯೋ, ಇಳಿಯಾಕೆ ಕಾಲಿರಲ್ಲ. ತಿಳೀತಾ?”

“ಊಂ,” ಅಂದ ಪರಮೇಶ, ಬಾಯಿ ಮುಚ್ಚಿಕೊಂಡೇ.

ಬುಲೆಟ್ಟಿನ ಹೊಗೆ ಆರುವ ಮೊದಲೇ ಆಟೋದಿಂದ ಉಷಾರಾಣಿ ಇಳಿದಳು. “ಅಣ್ಣಾ, ನಮ್ಮತ್ತೆ ಇದ್ದಾಗ ತಲೆ ಬಾಚಿದೋಳು ನಾನು. ತೋಟ ಆ ಮೀಸೆಯೋನಿಗೆ ಹೋಗಂಗಿಲ್ಲ. ಹೋತೋ, ನಮ್ಮ ಸಂಘದ ಹೆಂಗಸ್ರನ್ನೆಲ್ಲ ಹಿರಿಯೂರಿಂದ ಬಸ್ ಮಾಡ್ಕಂಡು ಕರ್ಕಂಬರ್ತೀನಿ. ನಿಮ್ಮ ಗಿರಣಿ ಬಾಗ್ಲಾಗೇ ಒಲೆ ಹೂಡ್ತೀವಿ. ಅಡಿಗೇನೂ ಅಲ್ಲೇ, ನಿದ್ದೇನೂ ಅಲ್ಲೇ.”

ಪರಮೇಶ ಗಾಬರಿಯಲ್ಲಿ ಎಲೆ ಅಡಿಕೆಯ ರಸ ನುಂಗಿಬಿಟ್ಟ. ಬಿಕ್ಕಳಿಕೆ ಶುರುವಾಯಿತು. ಆದರೂ ಮಾತು ಹೊರಬೀಳಲಿಲ್ಲ. ನೇತ್ರಾವತಿ ಕಿಟಕಿಯಿಂದಲೇ ಭಲೇ ಎಂಬಂತೆ ತಲೆದೂಗಿದಳು.

ಓಬವ್ವನನ್ನು ಮಣ್ಣು ಮಾಡಿದ್ದು ಅವಳ ತೋಟದ ಅಂಚಿನಲ್ಲೇ. ಹನ್ನೊಂದನೇ ದಿನದ ಎಡೆಗೆ ಇಡೀ ಬೀದಿ ಅಲ್ಲಿ ನೆರೆದಿತ್ತು. ಮುದ್ದೆ, ಬಾಡಿನ ಸಾರು, ವಡೆ, ಹೊಗೆಸೊಪ್ಪು ಎಲ್ಲವನ್ನೂ ಬಾಳೆಲೆಯ ಮೇಲಿಟ್ಟು ಜನ ಹಿಂದೆ ಸರಿದು ನಿಂತರು. ಕಾಗೆ ಮುಟ್ಟಬೇಕು, ಆಮೇಲೆ ಊಟ. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ ಅಂತ ಲೆಕ್ಕ. ಪರಮೇಶ ಎಲ್ಲರ ಬೆನ್ನ ಹಿಂದೆ, ತೆಂಗಿನ ಮರಕ್ಕೆ ಅಂಟಿಕೊಂಡು ಬಿಕ್ಕಳಿಸುತ್ತಿದ್ದ. ವಕೀಲರು ಆಚೆ ಶಾಮಿಯಾನದಲ್ಲಿ ಕೂತಿರುವುದನ್ನು ನೋಡಿಕೊಂಡಿದ್ದ. ಅವರ ಬ್ಯಾಗು ಕಂಡರೆ ದೇವರು ಕಂಡಂತಾಗುತ್ತಿತ್ತು.

ಕಾಗೆ ಬರಲಿಲ್ಲ. ಬರಲಿಲ್ಲ ಅಂದರೆ ಇರಲಿಲ್ಲ ಅಂತಲ್ಲ. ಬೇವಿನ ಕೊಂಬೆಯ ಮೇಲೆ ಕಾಲು ಸೊಟ್ಟಗಿದ್ದ ಒಂದು ಕಾಗೆ ಕೂತೇ ಇತ್ತು. ಯಾರನ್ನೋ ಹುಡುಕುವಂತೆ ಕತ್ತು ಕೊಂಕಿಸುತ್ತಿತ್ತೇ ಹೊರತು ಇಳಿಯಲೊಲ್ಲದು.

ದುರ್ಗೇಶ ಮುಂದೆ ಬಂದು ಕೈಮುಗಿದ. “ದೊಡ್ಡವ್ವ, ನಿನ್ನ ತೋಟ ಮಗು ನೋಡ್ಕಂಡಂಗೆ ನೋಡ್ಕಳ್ತೀನಿ. ತಿನ್ನವ್ವ.” ಕಾಗೆ ಅತ್ತ ತಿರುಗಿ ಪುಕ್ಕ ಕೆದರಿತು. ಉಷಾರಾಣಿ ಅವನನ್ನು ಪಕ್ಕಕ್ಕೆ ತಳ್ಳಿ, “ಅತ್ತೇ, ನಿನ್ನ ಮನೇಲಿ ದಿನಾ ದೀಪ ಹಚ್ತೀನಿ ಕಣತ್ತೇ!” ಎಂದು ಗೋಳೋ ಎಂದಳು. ಆ ದನಿಗೆ ಪಕ್ಕದ ತೋಟದ ಗಿಳಿಗಳು ಎದ್ದುಹೋದವು. ಕಾಗೆ ಮಾತ್ರ ಕದಲಲಿಲ್ಲ.

ಬಿಸಿಲು ನೆತ್ತಿಗೇರಿತು. ಸಾರಿನ ವಾಸನೆಗೆ ಜನರ ಹೊಟ್ಟೆ ತಾಳ ಹಾಕತೊಡಗಿತು. ಆಗ ಮುಂದಾಳತ್ವ ವಹಿಸಿದವರು ಬೀದಿಯ ಎಲ್ಲ ಕೆಲಸಕ್ಕೂ ತಲೆ ಹಾಕುವ ನಿವೃತ್ತ ಕಂಡಕ್ಟರ್ ನಾಗಣ್ಣ. ಓಬವ್ವ ಸತ್ತಂದಿನಿಂದ ಮನೆಯ ಬೀಗದಕೈ ಗೊಂಚಲು ಅವರ ಹತ್ತಿರವೇ ಇತ್ತು. “ಜೀವ ಇರೋತನಕ ಸೊಂಟದಾಗೆ ಸಿಕ್ಕಿಸ್ಕಂಡಿದ್ಲು. ಇದರ ಮ್ಯಾಲೇ ಆಸೆ ಇರ್ತೈತೆ,” ಎಂದು ಅದನ್ನೂ ಎಡೆಗಿಟ್ಟರು. ಆದರೂ ಕಾಗೆ ಒಲ್ಲೆ ಅಂತು. ಪರಮೇಶನಿಗೆ ಆ ಕಾಗೆಯ ಮೇಲೆ ಹೊಟ್ಟೆಕಿಚ್ಚಾಯಿತು.

“ಪರಮೇಶಿ ಎಲ್ಲಿ?” ನಾಗಣ್ಣನ ದನಿ ಕೇಳಿ ಅವನು ಮರದ ಹಿಂದಕ್ಕೆ ಸರಿದ. “ವಿಲ್ಲಿನಾಗೆ ಬರೆದಿರೋದು ಅವನ ಹೆಸರು. ಅವನು ಅಡಗಿ ನಿಂತ್ರೆ ಮುದುಕಿ ಹೆಂಗೆ ಬಂದಾಳು? ಬಾರೋ ಮುಂದಕ್ಕೆ!”

ಹಸಿದ ಜನ ಅವನನ್ನು ಎತ್ತಿ ತಂದರೋ, ಅವನೇ ನಡೆದನೋ, ಅಂತೂ ಎಡೆಯ ಮುಂದೆ ಬಂದು ನಿಂತ. ಬಾಯಿ ತೋರಿಸಿ ಸನ್ನೆ ಮಾಡಿದ.

“ಎಡೆ ಮುಂದೆ ಎಲೆ ಅಡಿಕೆ ಅಗೀತೀಯೇನೋ? ಉಗಿ ಅತ್ಲಾಗೆ!”

ಉಗಿದ. ಅವನ ಕೋಟೆ ಕುಸಿಯಿತು. ನೇತ್ರಾವತಿ ದೂರದಿಂದ ಬಾಯಿಗೆ ಬೆರಳಿಟ್ಟು ತೋರಿಸುತ್ತಿದ್ದಳು. ಎಡಕ್ಕೆ ದುರ್ಗೇಶನ ಮೀಸೆ, ಬಲಕ್ಕೆ ಉಷಾರಾಣಿಯ ಮೂಗುತಿ, ಎದುರಿಗೆ ಓಬವ್ವನ ಗುಡ್ಡೆಮಣ್ಣು. ಇಷ್ಟೂ ಭಯಗಳಲ್ಲಿ ಯಾವುದಕ್ಕೆ ಮೊದಲು ಹೆದರಬೇಕೆಂದು ತಿಳಿಯದೆ ಅವನು ಕಣ್ಣು ಮುಚ್ಚಿದ. ಮಣ್ಣಿನೊಳಗಿಂದ, ‘ಕೇಳಲ್ಲ, ಗಟ್ಟಿಯಾಗಿ ಹೇಳು’ ಎಂದಂತಾಯಿತು.

“ಆತು ಓಬವ್ವ, ನಾನೇ ನೋಡ್ಕಳ್ತೀನಿ!” ಎಂದು ಅರಚಿಬಿಟ್ಟ.

ರೆಕ್ಕೆ ಬಡಿತ ಕೇಳಿಸಿತು. ಸೊಟ್ಟಗಾಲಿನ ಕಾಗೆ ನೇರವಾಗಿ ಇಳಿದು, ಅವನ ಪಾದದ ಪಕ್ಕದಲ್ಲೇ ಕುಂಟುತ್ತಾ ಬಂದು, ಮುದ್ದೆಗೆ ಕೊಕ್ಕು ಹಾಕಿತು.

ಜನ ಹೋ ಎಂದರು. ಮುದುಕಿಯರು ಲೊಚಗುಟ್ಟಿ ಕಣ್ಣೊರೆಸಿಕೊಂಡರು. ಪರಮೇಶನ ಬಿಕ್ಕಳಿಕೆ ನಿಂತಿತು, ಒಂದು ಗಳಿಗೆ ಉಸಿರೂ ನಿಂತಿತ್ತು. ಸತ್ತ ಹನ್ನೊಂದನೇ ದಿನಕ್ಕೆ ಓಬವ್ವ ಎದ್ದು ಬಂದು ಅವನ ಮಾತನ್ನು ಇಸಿದುಕೊಂಡಿದ್ದಳು. ನಾಗಣ್ಣ ಬೀಗದಕೈ ಗೊಂಚಲನ್ನು ಎಡೆಯಿಂದ ಎತ್ತಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಅವನು ಹಿಡಿದುಕೊಂಡ. ಹಿಡಿಯದೆ ಇರುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಶಾಮಿಯಾನದಲ್ಲಿ ವಕೀಲರು ಮೂಳೆ ಚೀಪುತ್ತಾ, ಆ ಕಾಗದವನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. “ಬೀಗದಕೈ ತಗಂಡೆ. ಇಷ್ಟು ಜನದ ಎದುರಿಗೆ ಒಪ್ಕಂಡೆ,” ಅಂದರು. “ಕೋರ್ಟಿನಾಗೆ ಏನಾರ ವಾದ ಮಾಡಬಹುದು ಬಿಡು. ಆದ್ರೆ ಕಾಗೆ ಸಾಕ್ಷಿ ಹೇಳಿದ ಮ್ಯಾಲೆ ಊರು ಬಿಡ್ತೈತೇನಪ್ಪ? ಸೋಮವಾರ ಬಾ, ಅರ್ಜಿ ಹಾಕಾಣ.”

ದುರ್ಗೇಶ ಮೀಸೆ ಒರೆಸಿಕೊಳ್ಳುತ್ತಾ ಹತ್ತಿರ ಬಂದ. “ದೊಡ್ಡವ್ವನೇ ಒಪ್ಪಿದ್ಲಲ್ಲ, ಇನ್ನು ಆ ಉಷಾರಾಣಿ ಸುದ್ದಿಗೆ ನಾ ಹೋಗಲ್ಲ. ನಿನ್ನ ಹತ್ರಾನೇ ಮಾತು. ಬೆಳಿಗ್ಗೆ ಗಿರಣಿಗೆ ಬರ್ತೀನಿ.” ಬೆನ್ನ ಹಿಂದಿನಿಂದ ಉಷಾರಾಣಿ, “ನಾನೂ ಬರ್ತೀನಣ್ಣಾ,” ಅಂದಳು.



ಸಂಜೆ ಗಂಡ ಹೆಂಡತಿ ದೀಪ ಹಚ್ಚಲೆಂದು ಓಬವ್ವನ ಮನೆಯ ಬೀಗ ತೆಗೆದರು. ತಿಥಿಯಲ್ಲಿ ಉಳಿದ ಮುದ್ದೆ ನೇತ್ರಾವತಿಯ ಕೈಯಲ್ಲಿತ್ತು. ಜಗಲಿಯ ಸೂರಿನ ಮೇಲೆ ಅದೇ ಸೊಟ್ಟಗಾಲಿನ ಕಾಗೆ ಕೂತಿದ್ದುದನ್ನು ಕಂಡು ಪರಮೇಶ ಬಾಗಿಲ ಹಿಂದೆ ಸರಿದ.

“ಓಬವ್ವ! ನೇತ್ರಾ, ಓಬವ್ವ ಬಂದವ್ಳೆ!”

ನೇತ್ರಾವತಿ ಕಾಗೆಯನ್ನು ನೋಡಿದಳು, ಗಂಡನನ್ನು ನೋಡಿದಳು. “ಏನ್ರಿ, ಇದು ದಿನಾ ಇಲ್ಲಿಗೆ ಬರ್ತಿದ್ದ ಕುಂಟು ಕಾಗೆ ಅಲ್ವಾ? ನೀವೇ ಮುದ್ದೆ ಹಾಕಿ ಸಾಕಿದ್ದು?”

ಪರಮೇಶ ಬಾಗಿಲ ಸಂದಿಯಿಂದ ಇಣುಕಿದ. ದಿನಾ ಎಸೆದು ಓಡುತ್ತಿದ್ದವನು ಅದರ ಕಾಲನ್ನೆಲ್ಲಿ ನೋಡಿದ್ದ!

“ಹನ್ನೊಂದು ದಿನದಿಂದ ಹಸ್ಕಂಡೈತೆ. ನಿಮ್ಮ ಕೂಗು ಕೇಳ್ತಿದ್ದಂಗೆ ಇಳೀತು, ಅಷ್ಟೇಯ,” ಎಂದವಳು ತಟ್ಟನೆ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಶಿವನೇ! ಓಬವ್ವ ಒಂದಿನ ನಂಗೆ ಹೇಳಿದ್ಲು ಕಣ್ರಿ. ‘ನಿನ್ನ ಗಂಡ ಪುಕ್ಕಲ. ಪುಕ್ಕಲನ ಕೈಯಾಗೆ ಆಸ್ತಿ ಇದ್ರೆ ಒಂದು ಚಮಚಾನೂ ಆಚೀಚೆ ಆಗಲ್ಲ. ನಾ ಸತ್ತ ಮ್ಯಾಲೆ ಅವನು ಒಲ್ಲೆ ಅನ್ನಾಕೆ ಕಲ್ತ್ಕಂಡ್ರೆ ಕಷ್ಟ, ಅದಕ್ಕೇ ಒಂದು ಸಾಕ್ಷಿ ತಯಾರು ಮಾಡ್ತಾ ಇದೀನಿ’ ಅಂತ. ಯಾರೋ ಮನುಷ್ಯರಿರಬೇಕು ಅಂದ್ಕಂಡಿದ್ದೆ.”

ಮೂರು ಮನೆಯಾಚೆಯ ಪಿಸುಮಾತು ಕೇಳುವ ಕಿವಿಗೆ ಬೆಳಗಿನ ಹೊತ್ತು ಮಾತ್ರ ಏಕೆ ಮಂದವಾಗುತ್ತಿತ್ತೆಂದು ಪರಮೇಶನಿಗೆ ಈಗ ತಿಳಿಯಿತು. ಹೆದರಿಕೆಯ ಜಾಗದಲ್ಲಿ ಮೊದಲ ಸಲ ಸಿಟ್ಟು ಬಂತು. ಈಗಲೇ ವಕೀಲರ ಹತ್ತಿರ ಓಡಬೇಕು, ಎಲ್ಲ ಹೇಳಬೇಕು, ಒಲ್ಲೆ ಅನ್ನಬೇಕು. “ಒಲ್ಲೆ,” ಎಂದು ಗೋಡೆಗೆ ಹೇಳಿ ನೋಡಿದ. ಬಂತು! ಮತ್ತೊಮ್ಮೆ ಹೇಳಿದ. ಇನ್ನೂ ಚೆನ್ನಾಗಿ ಬಂತು. ಎದೆಯುಬ್ಬಿಸಿ ಜಗಲಿ ಇಳಿದ.

ಮೆಟ್ಟಿಲ ಬುಡದಲ್ಲಿ ನಾಗಣ್ಣ ನಿಂತಿದ್ದರು, ಕಣ್ಣು ತುಂಬಿಕೊಂಡು. “ಪರಮೇಶಿ, ಇವತ್ತು ಕಾಗೆ ಇಳಿದಿದ್ದು ನೋಡಿ ನನ್ನ ಮೈ ಜುಮ್ ಅಂತು ಕಣೋ. ಸತ್ತೋರೂ ನಂಬೋ ಮನುಷ್ಯ ನೀನು. ನಂದೂ ವಿಲ್ಲು ಬರೆಸ್ತಾ ಇದೀನಿ, ನಿನ್ನ ಹೆಸರೇ ಹಾಕಿಸ್ತೀನಿ. ನನ್ನ ನಾಲ್ಕೂ ಗಂಡುಮಕ್ಕಳು ಎಂಥೋರು ಅಂತ ನಿಂಗೆ ಗೊತ್ತೇ ಐತೆ. ಒಲ್ಲೆ ಅನ್ನಬ್ಯಾಡಪ್ಪ.”

ಪರಮೇಶ ಬಾಯಿ ತೆರೆದ. ನಾಗಣ್ಣನ ಹುಬ್ಬು ಗಂಟಿಕ್ಕಿಕೊಳ್ಳುವಂತೆ ಕಂಡಿತು.

“ಆತು ನಾಗಣ್ಣ, ನಾನೇ ನೋಡ್ಕಳ್ತೀನಿ.”

ಸೂರಿನ ಮೇಲಿಂದ ಕಾಗೆ ಪಟಪಟನೆ ಇಳಿದು ಅವನ ಕಾಲ ಬಳಿ ಬಂದು ನಿಂತಿತು.