ಕೋಟೆಯಿಂದ ಸಂಗಮಕ್ಕೆ ನಡೆದೇ ಹೋಗುವುದು

ಶ್ರೀರಂಗಪಟ್ಟಣದಲ್ಲಿ ಒಬ್ಬ ಮನುಷ್ಯ ಸುಮ್ಮನೆ ನಡೆದುಹೋಗುತ್ತಿದ್ದರೆ ಉಳಿದವರಿಗೆ ಸುಮ್ಮನಿರಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆದಂಥವು ಭಾನುವಾರ ಬಂದರೆ ನಡೆಯುತ್ತಲೇ ಇರುತ್ತವೆ. ನೆನಪಿನಲ್ಲಿ ನಿಂತ ಕೆಲವನ್ನಷ್ಟೇ ಹೇಳುತ್ತೇನೆ.

ಸ್ಪೇನ್ ದೇಶದ ಟೊಲೆಡೊ ಎಂಬ ಹಳೆಯ ಊರಿನ ವಿಷಯ ಎಲ್ಲೋ ಓದಿದ್ದೆ. ಊರಿನ ಮೂರು ಕಡೆ ನದಿ. ಒಳಗೆ ಕೋಟೆಬಾಗಿಲು, ಇಗರ್ಜಿ, ಹಳೆಯ ಮಸೀದಿ, ಇಕ್ಕಟ್ಟಾದ ಓಣಿಗಳು. ಎಲ್ಲಿ ಹೊರಟು ಎಲ್ಲಿ ಮುಗಿಸಬೇಕೆಂದು ನಡೆದು ನೋಡುವವರಿಗಾಗಿಯೇ ದಾರಿಗಳನ್ನು ಗೊತ್ತುಮಾಡಿದ್ದಾರಂತೆ. ನಮ್ಮೂರಿಗೆ ನಾಲ್ಕೂ ಕಡೆ ಕಾವೇರಿ. ನಮಗೇನು ಕಡಿಮೆ ಎನ್ನಿಸಿತು. ನಾನು ಪಾಂಡವಪುರದ ಕಚೇರಿಯೊಂದರಲ್ಲಿ ಕೆಲಸ ಮಾಡುವವನು, ಮನೆ ಕೋಟೆಯೊಳಗೆ. ಭಾನುವಾರ ಬೆಳಿಗ್ಗೆ ಆಸಕ್ತರನ್ನು ಕರೆದುಕೊಂಡು ರಂಗನಾಥನ ಗುಡಿಯಿಂದ ಹೊರಟು ಮಸೀದಿ, ದರಿಯಾ ದೌಲತ್ ಅರಮನೆ, ಗಂಜಾಂ ಊರು, ಸುಲ್ತಾನರ ಗೋರಿಯಿರುವ ಗುಂಬಜ್ ನೋಡಿಕೊಂಡು ಕಾವೇರಿಯ ಕವಲುಗಳು ಕೂಡುವ ಸಂಗಮದ ಮೆಟ್ಟಿಲಲ್ಲಿ ಮುಗಿಸುವ ಒಂದು ದಾರಿ ಮಾಡಿಕೊಂಡೆ.

ಮೊದಮೊದಲು ಹೆಂಡತಿ ಏನೂ ಅನ್ನಲಿಲ್ಲ. ಹೊರಟವರು ಒಬ್ಬರೂ ನಡೆದು ಸಂಗಮ ಮುಟ್ಟುತ್ತಿಲ್ಲವೆಂದು ಗೊತ್ತಾದ ಮೇಲೆ ಕರಾರು ಹಾಕಿದಳು.

"ನೋಡ್ರೀ, ದೀಪಾವಳಿ ಒಳಗೆ ಒಂದು ಸಲ, ಒಂದೇ ಒಂದು ಸಲ, ಕರ್ಕೊಂಡು ಹೋದೋರೆಲ್ಲ ನಡ್ಕೊಂಡೇ ಸಂಗಮ ಮುಟ್ಬೇಕು. ಮುಟ್ಟಲಿಲ್ವಾ, ಭಾನುವಾರ ನೀವು ಮನೇಲಿರ್ತೀರಿ."

ನನಗೆ ವಾರದಲ್ಲಿ ಮಾತು ಬರುವುದೇ ಅದೊಂದು ದಿನ. ಒಪ್ಪಿಕೊಂಡೆ.

ಹರಕೆ ಇಲ್ಲದ ನಡಿಗೆ

ಒಂದು ಸಲ ನಮ್ಮ ಕಚೇರಿಯವರೇ ಬಂದಿದ್ದರು. ಮಸೀದಿಯ ಜೋಡಿ ಮಿನಾರುಗಳನ್ನು ನೋಡಿ, ಕೋಟೆ ದಾಟಿ ದರಿಯಾ ದೌಲತ್ ಕಡೆಗೆ ನಡೆಯುತ್ತಿದ್ದೆವು. ಬಾಬುರಾಯನಕೊಪ್ಪಲಿನ ಲಗೇಜ್ ಆಟೋ ಒಂದು ಪಕ್ಕದಲ್ಲಿ ನಿಂತಿತು. ಹಿಂದೆ ಟೊಮೇಟೊ ಕ್ರೇಟುಗಳು.

"ಯಾಕ್ಸಾ, ಬಸ್ ಕೆಟ್ಟೋಯ್ತಾ?" ಎಂದ ಡ್ರೈವರ್.

"ಇಲ್ಲಪ್ಪ, ನಡೀತಾ ಇದ್ದೀವಿ."

"ಯಾವ್ ದೇವ್ರಿಗೆ ಸಾ ಹರಕೆ?"

"ಹರಕೆ ಅಲ್ಲ. ಊರು ನೋಡೋಕೆ."

ಅವನು ಗಾಡಿ ಆಫ್ ಮಾಡಿ ಕೆಳಗಿಳಿದ. ನನ್ನನ್ನು ಬಿಟ್ಟು ನನ್ನ ಸಹೋದ್ಯೋಗಿಗಳ ಮುಖ ನೋಡಿದ. "ಹರಕೇನೂ ಇಲ್ದೆ ಈ ಬಿಸ್ಲಲ್ಲಿ ಯಾರ್ ಸಾ ನಡ್ದಾರು? ಅತ್ಕಳಿ, ಅತ್ಕಳಿ. ನಾನ್ ಖಾಲಿ ಗಾಡಿ ಒಡ್ಕಂಡ್ ಓಗಿ ನೀವ್ ನಡ್ಕಂಡ್ ಓದ್ರೆ ನೋಡ್ದೋರು ಉಗಿಯಲ್ವಾ?"

ಗಾಡಿ ಖಾಲಿ ಇರಲಿಲ್ಲ. ಅವನು ಹೋಗಬೇಕಾದದ್ದು ಮೈಸೂರು ಕಡೆಗೆ, ಸಂಗಮ ಅದಕ್ಕೆ ವಿರುದ್ಧ. ಎರಡನ್ನೂ ಅವನಿಗೆ ತಿಳಿಸಿದೆ. ಅಷ್ಟು ಹೊತ್ತಿಗೆ ನಮ್ಮ ಗುಮಾಸ್ತರು ಕ್ರೇಟುಗಳನ್ನು ಸರಿಸಿ ಕೂತಾಗಿತ್ತು. ಒಬ್ಬರನ್ನೊಬ್ಬರು ಮೇಲೆಳೆದುಕೊಳ್ಳುವ ಆ ಚುರುಕನ್ನು ಕಚೇರಿಯಲ್ಲಿ ನಾನು ಎಂದೂ ಕಂಡಿರಲಿಲ್ಲ.

ನಾನೊಬ್ಬನೇ ನಡೆದು ಸಂಗಮ ಮುಟ್ಟಿದಾಗ ಅವರು ನೀರಿನಲ್ಲಿ ಕಾಲು ಬಿಟ್ಟುಕೊಂಡು ಟೊಮೇಟೊ ತಿನ್ನುತ್ತಿದ್ದರು. ಹಿರಿಯ ಗುಮಾಸ್ತರು ಎದ್ದು ಕೈ ಕುಲುಕಿದರು. "ಬಾಳ ಚೆನ್ನಾಗಿತ್ತು ಸಾರ್ ನಿಮ್ಮ ನಡಿಗೆ. ಆಯಾಸಾನೇ ಗೊತ್ತಾಗಲಿಲ್ಲ!"

ಯಾರೂರ ಕಂಬ

ಇನ್ನೊಂದು ವಾರ ಕೆ.ಆರ್. ಪೇಟೆ ಮತ್ತು ನಾಗಮಂಗಲದ ಕಡೆಯಿಂದ ಜನ ಬಂದರು. ಎಲ್ಲ ತಿಳಿದವರು, ಕಲ್ಲಿನ ಕೆಲಸ ಬಲ್ಲವರು. ಅದೇ ತೊಂದರೆಯಾಯಿತು.

ರಂಗನಾಥನ ಗುಡಿಯ ಕಂಬದ ಮುಂದೆ ನಿಂತು ನಾನು ಬಾಯಿ ತೆರೆಯುವಷ್ಟರಲ್ಲಿ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನವರೊಬ್ಬರು ಕಂಬವನ್ನು ಸವರಿ, "ಚೆನ್ನಾಗದೆ. ಆದ್ರೆ ನಮ್ಮೂರ್ ಕಂಬ ನೋಡ್ಬುಟ್ರೆ ಇದು ಕಣ್ಗೇ ಬೀಳಕಿಲ್ಲ" ಎಂದರು.

ನಾಗಮಂಗಲದವರೊಬ್ಬರು ನಕ್ಕರು. "ನಮ್ಮೂರ್ ಸೌಮ್ಯಕೇಶವನ್ ಗುಡಿ ನೋಡ್ದೇ ಇರೋರು ಇಂಗೇ ಮಾತಾಡೋದು."

"ಏನಂದ್ರಿ?"

"ಅಂದಿದ್ದೇ ಅಂದೆ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ರಂಗನಾಥನ ಕಡೆ ತಿರುಗಿದೆ. ಅವನು ಮಲಗಿದ್ದ.

ಮಾತು ಬಗೆಹರಿಯದೆ ಒಬ್ಬರೂ ಗುಡಿಯಿಂದ ಕದಲಲಿಲ್ಲ. ಕೊನೆಗೆ ಹೊಸಹೊಳಲಿನವರು ಅಳಿಯನಿಗೆ ಫೋನ್ ಮಾಡಿ ವ್ಯಾನು ತರಿಸಿ, ನನ್ನನ್ನೂ ಸೇರಿಸಿ ಎಲ್ಲರನ್ನೂ ತಮ್ಮೂರಿಗೆ ಹೊರಡಿಸಿಬಿಟ್ಟರು. ಅಲ್ಲಿಯ ಲಕ್ಷ್ಮೀನಾರಾಯಣನ ಗುಡಿಯನ್ನು ಎಷ್ಟು ಸಲ ನೋಡಿದರೂ ನನಗೆ ಹೊಸದೇ. ಗೋಡೆಯ ಬುಡದಲ್ಲಿ ಸಾಲಾಗಿ ಹೊರಟ ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ನಾಗಮಂಗಲದವರು ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. ಕಂಬಕ್ಕೆ ಕೆನ್ನೆ ತಾಗಿಸಿ ನೋಡಿದರು.

"ಒಪ್ಕಂಡೆ ಕಣಣ್ಣಾ" ಎಂದರು. ಹೊಸಹೊಳಲಿನವರ ಕಣ್ಣು ತುಂಬಿಬಂತು. "ಆದ್ರೆ ಈಗ ನಮ್ಮೂರ್ಗೂ ನೀವ್ ಬರ್ಬೇಕು. ಇಲ್ದಿದ್ರೆ ನ್ಯಾಯ ಆಗಕಿಲ್ಲ."

ಸಂಜೆ ನಾಗಮಂಗಲದಲ್ಲಿದ್ದೆವು. ರಾತ್ರಿ ಮನೆಗೆ ಬಂದಾಗ ಹೆಂಡತಿ, "ಎಲ್ಲಾ ಸಂಗಮ ಮುಟ್ಟಿದ್ರಾ?" ಎಂದಳು. ಎಲ್ಲರೂ ಒಟ್ಟಿಗೇ ಇದ್ದೆವು ಎಂದೆ. ಮೂರು ತಾಲೂಕು ಸುತ್ತಿದ ಆ ದಿನ ಕಾಲಿನಲ್ಲಿ ನಡೆದದ್ದೆಲ್ಲ ದೇವರ ಪ್ರದಕ್ಷಿಣೆಯೇ.

ತೋಪಿನ ವಾಸನೆ

ಮತ್ತೊಂದು ಭಾನುವಾರ ಗಂಜಾಂ ದಾರಿಯ ತೋಪಿನಲ್ಲಿ ಯಾರದೋ ಬಾಡೂಟ. ಶಾಮಿಯಾನದ ಹೊರಗೆ ನಿಂತಿದ್ದ ಯಜಮಾನರು ನಮ್ಮನ್ನು ಯಾರು, ಯಾವೂರು ಎಂದೂ ಕೇಳಲಿಲ್ಲ. "ಬನ್ನಿ ಬನ್ನಿ, ಪಂಕ್ತಿ ಕುಂತದೆ" ಎಂದರು. ಪಾಂಡವಪುರದ ರೈತರ ತಂಡ ಒಂದೇ ಮನಸ್ಸಿನಿಂದ ಒಳಗೆ ನುಗ್ಗಿತು. ಗುಂಬಜ್ ನೋಡುವುದು ಬಾಕಿಯಿದೆ, ಅದರ ಕರಿಕಲ್ಲಿನ ಕಂಬಗಳು ಈ ಬಿಸಿಲಲ್ಲೂ ತಣ್ಣಗಿರುತ್ತವೆ ಎಂದು ಕೊನೆಯವನ ತೋಳು ಹಿಡಿದು ಹೇಳಿದೆ.

ಅವನು ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡ. "ಗುಂಬಜ್ ಎಲ್ಗೂ ಓಗಕಿಲ್ಲ ಸಾ. ಬೋಟಿ ಗೊಜ್ಜು ಮುಗ್ದೋಯ್ತದೆ."

ಟೊಲೆಡೊದಿಂದ ಬಂದವರು

ಮೈಸೂರಿನ ಪರಿಚಯದವರೊಬ್ಬರ ಮೂಲಕ ನಿಜವಾಗಿಯೂ ಟೊಲೆಡೊದ ಶಿಕ್ಷಕಿಯೊಬ್ಬರು ಬಂದರು. ಗಟ್ಟಿ ಬೂಟು, ತಲೆಗೆ ಟೋಪಿ, ಬೆನ್ನಿಗೆ ನೀರಿನ ಬಾಟಲಿ. ತಮ್ಮೂರಿನ ಏರುತಗ್ಗುಗಳಲ್ಲಿ ದಿನವೂ ನಡೆಯುವವರು. ಈ ಸಲ ಕರಾರು ಗೆದ್ದೆ ಎಂದುಕೊಂಡೆ. ಹೊರಟವರು ನಾವಿಬ್ಬರೇ.

ದಾರಿಯಲ್ಲಿ ನಿಂತು ಕರೆದ ಲಗೇಜ್ ಆಟೋಗೆ ಆಕೆ ಹತ್ತಲಿಲ್ಲ. ದರಿಯಾ ದೌಲತ್‌ನ ಗೋಡೆಯ ಯುದ್ಧದ ಚಿತ್ರದ ಮುಂದೆ ಮೈಮರೆತು ನಿಂತರು. ಇಷ್ಟು ಚಂದದ ಗೋಡೆಯನ್ನು ನೀವು ನಮ್ಮ ಹಾಗೆ ಜಗತ್ತಿಗೆಲ್ಲ ಸಾರುವುದಿಲ್ಲವೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮಗೆ ಅಕ್ಕಪಕ್ಕದ ಊರಿನವರನ್ನು ಒಪ್ಪಿಸುವಷ್ಟರಲ್ಲೇ ಸಾಕಾಗುತ್ತದೆ ಎಂದೆ.

ಗಂಜಾಂನಲ್ಲಿ ಜಗಲಿಯ ಮೇಲೆ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ತಡೆದರು.

"ಯಾವೂರ್ಲಾ ಈ ಮಗ ಇದು? ಮಕ ಕೆಂಪಾಗೋಗದೆ."

"ಸ್ಪೇನ್ ಅಂತ, ದೂರದ ದೇಶ ಅಜ್ಜಿ."

"ಅಲ್ಲಿಂದ ನಡ್ಸ್ಕಂಡ್ ಬಂದಿದ್ದೀಯೇನ್ಲಾ ಇವ್ಳ್ನ?"

"ಇಲ್ಲಜ್ಜಿ, ಕೋಟೆಯಿಂದ."

"ಒಂದ್ ಆಟೋ ಮಾಡಕ್ಕಾಗ್ನಿಲ್ವಾ ನಿಂಗೆ? ಎತ್ತವ್ರು ನೋಡುದ್ರೆ ಒಟ್ಟೆ ಉರ್ಕಳಕಿಲ್ವಾ? ಬಾ ಮಗ, ಕುಂತ್ಕೊ."

ಆಕೆಗೆ ಕನ್ನಡ ಬಾರದು, ಅಜ್ಜಿಗೆ ಬೇರೇನೂ ಬಾರದು. ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ದಾರಕ್ಕೆ ಕನಕಾಂಬರ ಪೋಣಿಸಿಕೊಂಡು ನಗುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡಾಗ ಅಜ್ಜಿ, "ನೀನ್ ಓಗಪ್ಪ, ನಿನ್ ಕೆಲ್ಸ ನೋಡ್ಕೊ" ಎಂದರು. ಹೋದೆ. ಸಂಗಮದಲ್ಲಿ ಒಬ್ಬನೇ ಕೂತು ಬಂದೆ.

ಊರಿಗೆ ಹಿಂದಿರುಗಿದ ಮೇಲೆ ಆಕೆ ಸಂದೇಶ ಕಳಿಸಿದರು. ನಿಮ್ಮ ನಡಿಗೆಯ ದಾರಿ ಅದ್ಭುತ, ಅದರಲ್ಲೂ ಕೂತ ಜಾಗವನ್ನು ಮರೆಯಲಾರೆ ಎಂದು ಬರೆದಿದ್ದರು.

ಮಾತಾಡಬೇಕಾಗಿಲ್ಲ

ದೀಪಾವಳಿಗೆ ಮುಂಚಿನ ಭಾನುವಾರ ಬಂದೇಬಿಟ್ಟಿತು. "ಕೊನೇ ನಡಿಗೆ ಅಲ್ವಾ, ನಾನೂ ನೋಡೇಬಿಡ್ತೀನಿ" ಎಂದು ಹೆಂಡತಿಯೂ ಹೊರಟಳು. ಬಂದವರು ಪಾಂಡವಪುರದ ಕೆಲವು ಮೇಷ್ಟ್ರುಗಳು ಮತ್ತು ಅವರ ಮನೆಯವರು. ಈ ಸಲ ಎಚ್ಚರ ವಹಿಸಿದೆ. ತಿಂಡಿ ಹೊಟ್ಟೆ ತುಂಬ ಮಾಡಿಸಿದೆ. ತೋಪಿನ ದಾರಿ ಬಿಟ್ಟೆ. ಯಾರೂ ತಪ್ಪಿಸಿಕೊಳ್ಳಬಾರದೆಂದು ಹೆಂಡತಿಯನ್ನು ಮುಂದೆ ಬಿಟ್ಟು ನಾನೇ ಹಿಂದೆ ಉಳಿದೆ.

ಗಂಜಾಂವರೆಗೆ ಒಬ್ಬರೂ ಕಳೆಯಲಿಲ್ಲ. ಹಿಂದಿನಿಂದ ಮತ್ತೊಮ್ಮೆ ತಲೆ ಎಣಿಸಿದೆ.

ಓಣಿಯೊಂದರ ಬಾಯಲ್ಲಿ ಗರಿಗರಿ ಪಂಚೆಯ ಮೂವರು ನಿಂತಿದ್ದರು. ಒಬ್ಬನ ಕೈಯಲ್ಲಿ ಹಣ್ಣಿನ ತಟ್ಟೆ. ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೈ ಮುಗಿದರು.

"ಸಾ, ಒಂದ್ ಉಪಕಾರ. ನಾಗಮಂಗಲದಿಂದ ಎಣ್ಣು ನೋಡಕ್ಕೆ ಬಂದಿದ್ದೀವಿ. ಇವ್ನೇ ಗಂಡು. ನಮ್ ಬಾಮೈದನ ಬೈಕು ದಾರೀಲಿ ಪಂಚರ್ ಆಗೋಯ್ತು. ಒಳ್ಳೇ ಕೆಲ್ಸಕ್ಕೆ ಮೂರ್ ಜನ ಓಗಂಗಿಲ್ಲ. ಇನ್ನೇನ್ ಯಮಗಂಡ ಕಾಲ ಬತ್ತದೆ. ಜೊತೇಲಿ ಒಸ್ಲು ದಾಟ್ಬುಡಿ ಸಾಕು."

"ನನಗೆ ಮಾತಾಡೋಕೆ ಬರಲ್ಲ" ಎಂದೆ.

"ಮಾತೇ ಬ್ಯಾಡಿ. ಸುಮ್ಕೆ ಕುಂತ್ಕಂಡ್ರಾಯ್ತು."

ಇಷ್ಟು ವಯಸ್ಸಿಗೆ ನನಗೆ ಇಷ್ಟು ಒಪ್ಪುವ ಕೆಲಸವನ್ನು ಯಾರೂ ಹೇಳಿರಲಿಲ್ಲ. ಹುಡುಗನ ಮುಖ ಬೆವರಿತ್ತು. ನಮ್ಮವರು ಮುಂದಿನ ತಿರುವಿನಲ್ಲಿ ಕಾಣುತ್ತಿದ್ದರು. ಹೊಸ್ತಿಲು ದಾಟಿ ಓಡಿಬಂದರಾಯಿತೆಂದು ಒಳಗೆ ಹೋದೆ.

ಹೊಸ್ತಿಲು ದಾಟಿದವನಿಗೆ ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ನಡುಮನೆಯಲ್ಲಿ ಎತ್ತರದ ಕುರ್ಚಿ ನನಗೇ ಹಾಕಿದ್ದರು. ಹುಡುಗಿ ಬಂದು ಕೂತಳು. ಗಂಡಿನ ಕಡೆಯ ಹಿರಿಯರು ಗದ್ದೆ, ಬೋರ್‌ವೆಲ್ಲು, ಟ್ರಾಕ್ಟರು ಎಂದು ಬಿಡುವಿಲ್ಲದೆ ಹೇಳುತ್ತಲೇ ಇದ್ದರು. ಹುಡುಗಿಯ ತಾತ ಅದನ್ನು ಕೇಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ತಾವು ಉಡುಗನಿಗೆ ಏನಾಗ್ಬೇಕು?"

ಇನ್ನು ಸುಮ್ಮನಿದ್ದರೆ ತಪ್ಪಾಗುತ್ತದೆ ಎನಿಸಿತು. ಎದ್ದು ನಿಂತೆ. "ಏನೂ ಆಗಬೇಕಿಲ್ಲ. ದಾರೀಲಿ ಹೋಗ್ತಿದ್ದೆ, ಕರೆದ್ರು. ಇವರು ಮೂರೇ ಜನ ಇದ್ರು. ನಮ್ಮ ಜನ ಸಂಗಮಕ್ಕೆ ಹೋಗ್ತಿದ್ದಾರೆ, ನಾನು ಬೇಗ ಹೋಗಬೇಕು."

ತಾತ ತೊಡೆ ತಟ್ಟಿಕೊಂಡು ನಕ್ಕರು. ಮನೆಯೆಲ್ಲ ನಕ್ಕಿತು. ತಲೆ ತಗ್ಗಿಸಿದ್ದ ಹುಡುಗಿಯೂ ತಲೆಯೆತ್ತಿ ನಕ್ಕಳು, ಅದನ್ನು ನೋಡಿ ಹುಡುಗನೂ ನಕ್ಕ.

"ಮಾತು ಕಮ್ಮಿ, ಆಡುದ್ರೆ ಇಂಥಾ ತಮಾಸೆ!" ಎಂದರು ತಾತ, ಕಣ್ಣೊರೆಸಿಕೊಂಡು. "ಇಂಥೋರು ಒಬ್ರು ಇರೋ ಮನೇಲಿ ನಮ್ ಮಗು ಸುಕವಾಗಿರ್ತಾಳೆ. ಊಂ ಅನ್ರಪ್ಪಾ. ಲೇ, ಅವ್ರಿಗಿನ್ನೊಂದ್ ಸೌಟು ಕೇಸರಿಬಾತು ಆಕು!"

ನಿಜವನ್ನು ಇನ್ನೆರಡು ಸಲ ಹೇಳಿದೆ. ಹೇಳಿದಷ್ಟೂ ಸಂಬಂಧ ಗಟ್ಟಿಯಾಯಿತು.

ನಾನು ಏದುಸಿರು ಬಿಡುತ್ತ ಸಂಗಮಕ್ಕೆ ಬಂದಾಗ ಮೇಷ್ಟ್ರುಗಳೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತು, ನೀರಿನಲ್ಲಿ ಕಾಲು ಬಿಟ್ಟು, ನನ್ನ ಹೆಂಡತಿ ಹೇಳುತ್ತಿದ್ದ ಕೋಟೆಯ ಕಥೆ ಕೇಳುತ್ತಿದ್ದರು. ಅವಳ ಮುಖದಲ್ಲಿ ಕಾವೇರಿಯ ಬೆಳಕಿತ್ತು.

"ಎಲ್ಲಾರೂ ನಡೆದೇ ಬಂದ್ರಾ?" ಎಂದೆ.

"ಎಲ್ಲಾರೂ. ಒಬ್ರೂ ತಪ್ಪಲಿಲ್ಲ, ನಿಮ್ಮನ್ನ ಬಿಟ್ಟು."

"ಹಾಗಾದ್ರೆ ಕರ್ಕೊಂಡು ಬರೋನೇ ತಪ್ಪಿದ್ದಕ್ಕೆ ನಡಿಗೆ ನಿಲ್ಲಿಸೋದಾ?"

"ನಿಲ್ಸೋದ್ಯಾಕೆ? ಮುಂದಿನ ವಾರದಿಂದ ನಾನೇ ಕರ್ಕೊಂಡ್ ಬರ್ತೀನಿ" ಎಂದಳು. "ನಡಿಗೇಲಿ ದೋಷ ಇಲ್ಲ ಕಣ್ರೀ. ನೀವು ಜೊತೇಲಿರಬಾರದು, ಅಷ್ಟೆ."